ಎರಡು ಎಕ್ಕ, ಒಂದು ಚೊಂಬು ನೀರು

ಪೋಕರ್‌ನಲ್ಲಿ ಕೈಗೆ ಬರುವ ಮೊದಲ ಎರಡೂ ಎಲೆ ಎಕ್ಕವೇ ಆಗಿರುವುದು ಸರಾಸರಿ 221 ಸಲಕ್ಕೆ ಒಮ್ಮೆ. ಬಂದಾಗ ಖುಷಿಗಿಂತ ಮೊದಲು ಕೈ ನಡುಗುತ್ತದೆ. ಬೆರಳು ತಣ್ಣಗಾಗುತ್ತವೆ, ಬಾಯಿ ಒಣಗುತ್ತದೆ, ಎದೆಬಡಿತ ಪಕ್ಕದವರಿಗೂ ಕೇಳಿಸೀತೇನೋ ಅನ್ನಿಸುತ್ತದೆ. ಹೊಸಪೇಟೆಯ ರೂಮಿನಲ್ಲಿ ನಾವು ಆಡುವುದು ಹುಣಸೆ ಬೀಜ ಇಟ್ಟು. ಸೋತವರು ಎಲ್ಲರಿಗೂ ಒಗ್ಗರಣೆ–ಮಿರ್ಚಿ ಕೊಡಿಸಬೇಕು, ಅಷ್ಟೇ. ಆದರೂ ಹೀಗೆ! ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಆ ಗ್ರಂಥಿಗಳಿಗೆ ಹುಣಸೆ ಬೀಜಕ್ಕೂ ಹುಲಿಗೂ ವ್ಯತ್ಯಾಸ ತಿಳಿಯದು. ಅಡ್ರಿನಲಿನ್ ಅನ್ನು ರಕ್ತಕ್ಕೆ ಬಿಟ್ಟೇಬಿಡುತ್ತವೆ.

ಮುಖ ಬಿಗಿದುಕೊಂಡರೆ ಸಾಕು ಎಂದು ಸಿನಿಮಾ ನೋಡಿದವರು ನಂಬಿರುತ್ತಾರೆ. ಗುಟ್ಟು ಬಿಟ್ಟುಕೊಡುವುದು ಕೈ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ವೃತ್ತಿಪರ ಆಟಗಾರರ ವಿಡಿಯೊ ತೋರಿಸಿ, ಎಲೆ ಎಷ್ಟು ಚೆನ್ನಾಗಿದೆ ಊಹಿಸಿ ಎಂದರು. ಬರೀ ಮುಖ ನೋಡಿದವರಿಗೆ ತಿಳಿಯಲಿಲ್ಲ. ಪಣವನ್ನು ಮುಂದೆ ತಳ್ಳುವ ತೋಳು ನೋಡಿದವರ ಊಹೆ ಹೆಚ್ಚು ಸರಿಯಿತ್ತು. ಕೈ ನಡುಗಿದರೆ ಎದುರಿನವನು ಸುಳ್ಳಾಡುತ್ತಿದ್ದಾನೆ ಅಂದುಕೊಳ್ಳಬೇಡಿ, ಹೆಚ್ಚಾಗಿ ಅವನ ಬಳಿ ಒಳ್ಳೆಯ ಎಲೆಯೇ ಇರುತ್ತದೆ ಎಂದು ಮೈಕ್ ಕಾರೊ 1984ರಲ್ಲೇ ಬರೆದಿದ್ದ. ನಮ್ಮ ಕಂಪ್ಲಿಯ ಗೆಳತಿ ಅದನ್ನು ಓದದೆಯೇ ಕಂಡುಕೊಂಡವಳು. ನನ್ನ ಬೀಜ ಗಲಗಲ ಅಂದರೆ ಸಾಕು, “ಇವಂಗೆ ಬಂದೈತಿ ನೋಡ್ರಪ್ಪ” ಎಂದು ತನ್ನ ಎಲೆ ಕೆಳಗಿಟ್ಟು ಸುಮ್ಮನಾಗುತ್ತಾಳೆ. ಎಕ್ಕದ ಜೋಡಿಗೆ ಸಿಗುವುದು ನಾಲ್ಕೇ ಬೀಜ!

ಉಪಾಯ ಹೇಳಿಕೊಟ್ಟವನು ಹಂಪಿಯ ಗೆಳೆಯ. ಬಂಡೆ ಹತ್ತಲು ಬರುವ ವಿದೇಶಿಯರ ಜೊತೆ ನದಿಯಾಚೆಯ ಸಾಣಾಪುರದ ಕಡೆ ಓಡಾಡಿ ತಾನೂ ಬೌಲ್ಡರಿಂಗ್ ಕಲಿತವನು. ಅದರಲ್ಲಿ ಹಗ್ಗವಿಲ್ಲ. ಕೆಳಗೊಂದು ದಪ್ಪ ಹಾಸು, ಬೆವರುವ ಅಂಗೈಗೆ ಚಾಕ್ ಪುಡಿ. “ನಡುಕ ನಿಲ್ಲಸಾಕ ಹೋಗಬ್ಯಾಡ. ಉಸಿರು ಬಿಡೋದನ್ನ ಉದ್ದ ಮಾಡು” ಎಂದ. ಉಸಿರು ಎಳೆದುಕೊಂಡಾಗ ಎದೆಬಡಿತ ತುಸು ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಬಂಡೆಯ ಮೇಲಾದರೂ ಅಷ್ಟೇ, ಎಲೆಯ ಮುಂದಾದರೂ ಅಷ್ಟೇ. ಕೈ ಎಲ್ಲಿಡಬೇಕು, ಕಾಲು ಎಲ್ಲಿಡಬೇಕು ಎಂಬುದನ್ನು ಅವನು ಕೆಳಗೆ ನಿಂತಾಗಲೇ ತೀರ್ಮಾನಿಸಿರುತ್ತಾನೆ. ನಾನೂ ಈಗ ಎಷ್ಟು ಬೀಜ ಹೋದರೆ ಏಳಬೇಕೆಂದು ಎಲೆ ಮುಟ್ಟುವ ಮೊದಲೇ ಹೇಳಿಬಿಡುತ್ತೇನೆ. ಎಲೆ ಒಳ್ಳೆಯದಿರಲಿ, ಕೆಟ್ಟದಿರಲಿ, ಬೀಜಗಳನ್ನು ಒಂದೊಂದಾಗಿ ಒಂದೇ ವೇಗದಲ್ಲಿ ಎಣಿಸಿ ಇಡುತ್ತೇನೆ. ದೊಡ್ಡ ಆಟ ಸೋತರೆ ಎದ್ದು ಹೋಗಿ ನೀರು ಕುಡಿಯುತ್ತೇನೆ. ಅಡ್ರಿನಲಿನ್‌ನ ಅಬ್ಬರ ಇಳಿಯಲು ಕೆಲವು ನಿಮಿಷ ಬೇಕು. ಹೋದದ್ದನ್ನೆಲ್ಲ ಮುಂದಿನ ಆಟದಲ್ಲೇ ವಾಪಸ್ ತರುತ್ತೇನೆ ಎಂಬ ಹುಚ್ಚು ಹಿಡಿಯುವುದೂ ಆ ನಿಮಿಷಗಳಲ್ಲೇ.

ಆ ಹುಚ್ಚಿಗೆ ಬೈಕು ಮಾರಿದವರು ಸಂಡೂರಿನ ಗೆಳೆಯನ ಅಣ್ಣ. ರಾತ್ರಿಯಿಡೀ ಫೋನಿನಲ್ಲಿ ಆಡುತ್ತಿದ್ದರು. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಮ್ಮ ರಾಜ್ಯ 2021ರಲ್ಲಿ ನಿಷೇಧಿಸಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಂಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ನಿಷೇಧದ ಕಾನೂನು ತಂದಿತು. ಅಣ್ಣನ ಬೈಕು ಹೋದದ್ದು ಈ ಕೊನೆಯ ಎರಡರ ನಡುವೆ. “ಫೋನಿನಾಗ ನನ್ನ ಕೈ ನಡುಗೋದು ಯಾರಿಗೆ ಕಾಣ್ತಿತ್ತು ಹೇಳು?” ಎಂದು ಅವರು ಒಮ್ಮೆ ಕೇಳಿದರು. ಉತ್ತರ ನನಗೆ ಹೊಳೆಯಲಿಲ್ಲ. ಅಲ್ಲಿ ಎಲೆ ಕಲಸುವಷ್ಟು ಹೊತ್ತಿನ ಬಿಡುವೂ ಇಲ್ಲ. ಕೈ ಎಷ್ಟೇ ನಡುಗಲಿ, ಹೆಬ್ಬೆರಳು ಒತ್ತಿದರೆ ಮುಂದಿನ ಆಟ. ಪಕ್ಕದಲ್ಲಿ ಕೂತು “ಸಾಕೇಳೋ” ಅನ್ನುವವರಿಲ್ಲ.

ಅಣ್ಣ ಈಗ ಬೀಜ ಇಟ್ಟೂ ಆಡುವುದಿಲ್ಲ. ಭಾನುವಾರ ತಮ್ಮನ ಜೊತೆ ಬಂದರೆ ಎಲೆ ಹಂಚುತ್ತಾರೆ, ನಮ್ಮ ಕೈಗಳನ್ನೇ ನೋಡುತ್ತಿರುತ್ತಾರೆ. “ತಮ್ಮಾ, ನಡುಗಾಕತ್ತೈತಿ. ಎದ್ದು ನೀರು ಕುಡ್ದು ಬಾ” ಅಂದರೆ ಏಳಲೇಬೇಕು. ಕಳೆದ ವಾರ ಒಂದೇ ತಾಸಿನಲ್ಲಿ ನನ್ನನ್ನು ನಾಲ್ಕು ಸಲ ಎಬ್ಬಿಸಿದರು. ನಾಲ್ಕನೆಯ ಸಲ ಚೊಂಬು ಖಾಲಿಯಾಗಿತ್ತು. ತುಂಬಿಸಿಕೊಂಡು ಬರುವಷ್ಟರಲ್ಲಿ ಕಂಪ್ಲಿಯವಳು ಆಟ ಗೆದ್ದು, ಮಿರ್ಚಿ ಎಷ್ಟು ಪ್ಲೇಟು ಎಂದು ಲೆಕ್ಕ ಹಾಕುತ್ತಿದ್ದಳು.