ಚಾಟಿ ತಿರುಗಿಸಿ ಈಜುವ ದುಂಡಾಣು: ಭತ್ತದ ಗದ್ದೆಯ ಮಿತ್ರ, ಶತ್ರು

ಎಲೆಯ ತುದಿ ಹಳದಿಯಾದ ಕೂಡಲೇ ಯೂರಿಯಾ ಸಾಲದೆಂದು ತಿಳಿದು ಇನ್ನೊಂದು ಸಲ ಎರಚುವ ರೈತರು ನಮ್ಮಲ್ಲಿ ಕಡಿಮೆಯಿಲ್ಲ. ಭದ್ರಾ ನಾಲೆಯ ನೀರುಣ್ಣುವ ಭದ್ರಾವತಿಯ ಗದ್ದೆಯಿರಲಿ, ತುಂಗೆಯ ನೀರಿನ ಶಿವಮೊಗ್ಗ ಸುತ್ತಿನ ಗದ್ದೆಯಿರಲಿ, ಹೀಗೆ ಮಾಡುವ ಮೊದಲು ಸ್ವಲ್ಪ ತಡೆಯಬೇಕು. ಹಳದಿ ಬಣ್ಣವು ತುದಿಯಿಂದ ಎರಡೂ ಅಂಚುಗಳಲ್ಲಿ ಅಲೆಯಲೆಯಾಗಿ ಕೆಳಗಿಳಿದು, ಆಮೇಲೆ ಎಲೆ ಹುಲ್ಲಿನ ಬಣ್ಣಕ್ಕೆ ಒಣಗುತ್ತಿದ್ದರೆ ಅದು ದುಂಡಾಣು ಎಲೆ ಅಂಗಮಾರಿ ರೋಗವಿರಬಹುದು. ಆಗ ಹಾಕಿದ ಯೂರಿಯಾ ರೋಗಕ್ಕೇ ಮೇವಾಗುತ್ತದೆ.

ಈ ರೋಗ ತರುವುದು ಕ್ಸ್ಯಾಂಥೋಮೊನಾಸ್ ಎಂಬ ದುಂಡಾಣು. ಬರಿಗಣ್ಣಿಗೆ ಕಾಣದ ಇದರ ದೇಹದ ಒಂದು ತುದಿಯಲ್ಲಿ ಕೂದಲಿನಂಥ ಒಂದು ಚಾಟಿಯಿದೆ. ಇದಕ್ಕೆ ಕಶಾಂಗ ಎಂದು ಹೆಸರು. ದುಂಡಾಣು ನೀರಿನಲ್ಲಿ ಈಜುವುದು ಇದರ ಬಲದಿಂದಲೇ.

ಚಾಟಿ ಎಂದ ಮಾತ್ರಕ್ಕೆ ಎತ್ತಿಗೆ ಬೀಸುವ ಬಾರುಕೋಲಿನಂತೆ ಅದು ಬೀಸುತ್ತದೆಂದು ತಿಳಿಯಬಾರದು. ಅದು ತಿರುಪಿನಂತೆ ಸುತ್ತುತ್ತದೆ. 1974ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಸಿಲ್ವರ್‌ಮನ್ ಮತ್ತು ಸೈಮನ್ ದುಂಡಾಣುವಿನ ಚಾಟಿಯನ್ನು ಗಾಜಿಗೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಚಾಟಿ ಅಲುಗಲಾರದೆ ನಿಂತಾಗ ದುಂಡಾಣುವಿನ ದೇಹವೇ ಗಿರಗಿರನೆ ಸುತ್ತತೊಡಗಿತು. ಬುಡದಲ್ಲಿ ನಿಜವಾದ ಮೋಟಾರೇ ಇದೆಯೆಂಬುದು ಇದರಿಂದ ಖಚಿತವಾಯಿತು.

ಈ ಮೋಟಾರಿನ ಭಾಗಗಳೆಲ್ಲ ಸಸಾರಜನಕ, ಅಂದರೆ ಪ್ರೋಟೀನು. ನಾವು ಬೇಳೆಯಲ್ಲಿ ತಿನ್ನುವ ಪದಾರ್ಥದ ಜಾತಿಯದೇ. ಬಿ.ಆರ್. ಪ್ರಾಜೆಕ್ಟಿನ ವಿದ್ಯುದಾಗಾರದಲ್ಲಿ ಧುಮುಕುವ ನೀರು ಚಕ್ರ ತಿರುಗಿಸುವಂತೆ, ಇಲ್ಲಿ ಹೊರಗಿನಿಂದ ಒಳಕ್ಕೆ ನುಗ್ಗುವ ಜಲಜನಕದ ವಿದ್ಯುತ್ಕಣಗಳು ಮೋಟಾರನ್ನು ತಿರುಗಿಸುತ್ತವೆ. ನಮ್ಮ ಪಂಪ್‌ಸೆಟ್ಟಿನ ವೇಗದ ಮೋಟಾರು ನಿಮಿಷಕ್ಕೆ 2,880 ಸುತ್ತು, ಅಂದರೆ ಸೆಕೆಂಡಿಗೆ 48 ಸುತ್ತು ಸುತ್ತುತ್ತದೆ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಎಂಬ ದುಂಡಾಣುವಿನ ಮೋಟಾರು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸುತ್ತು ಸುತ್ತಬಲ್ಲದು.

ದಿಕ್ಕು ನಿಶ್ಚಯಿಸುವ ಏರ್ಪಾಡು ಇನ್ನೂ ಸೋಜಿಗದ್ದು. ಇದನ್ನು ಚೆನ್ನಾಗಿ ಅಭ್ಯಾಸ ಮಾಡಿರುವುದು ಇ. ಕೋಲಿಯಲ್ಲಿ. ಅದರ ಚಾಟಿಗಳು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿದರೆ ಎಲ್ಲವೂ ಒಂದೇ ಕಟ್ಟಾಗಿ ಕೂಡಿ ದೇಹವನ್ನು ನೇರವಾಗಿ ಮುಂದಕ್ಕೆ ತಳ್ಳುತ್ತವೆ. ಮುಳ್ಳಿನ ದಿಕ್ಕಿಗೆ ಸುತ್ತಿದರೆ ಕಟ್ಟು ಬಿಚ್ಚಿ, ದುಂಡಾಣು ಲಾಗ ಹಾಕಿ ಬೇರೆ ದಿಕ್ಕಿಗೆ ತಿರುಗುತ್ತದೆ. ಮೈಮೇಲಿನ ಕೆಲವು ಪ್ರೋಟೀನುಗಳು ಆಹಾರದ ರುಚಿ ನೋಡುತ್ತಿರುತ್ತವೆ. ರುಚಿ ಹೆಚ್ಚದಿದ್ದರೆ ಒಳಗಿನ 'ಚೆ-ಎ' ಎಂಬ ಪ್ರೋಟೀನು 'ಚೆ-ವೈ' ಎಂಬ ಇನ್ನೊಂದಕ್ಕೆ ರಂಜಕದ ಗುರುತು ಹಚ್ಚಿ ಕಳುಹಿಸುತ್ತದೆ. ಗುರುತು ಹೊತ್ತ ಚೆ-ವೈ ಮೋಟಾರಿಗೆ ಅಂಟಿಕೊಂಡು 'ದಿಕ್ಕು ಬದಲಿಸು' ಎಂಬ ಸಂದೇಶ ಮುಟ್ಟಿಸುತ್ತದೆ. 'ಚೆ-ಝಡ್' ಎಂಬ ಮೂರನೆಯದು ಆ ಗುರುತನ್ನು ಅಳಿಸುತ್ತಿರುತ್ತದೆ. ರುಚಿ ಹೆಚ್ಚುತ್ತಿದ್ದರೆ ಸಂದೇಶವೇ ಕಡಿಮೆ. ದುಂಡಾಣು ನೇರ ಈಜುತ್ತಲೇ ಇರುತ್ತದೆ. ಕಣ್ಣಿಲ್ಲ, ಮೂಗಿಲ್ಲ, ಆದರೂ ಆಹಾರವಿದ್ದಲ್ಲಿಗೆ ತಲುಪುತ್ತದೆ. ಜಾತಿಯಿಂದ ಜಾತಿಗೆ ವಿವರಗಳು ಬೇರೆಯಾದರೂ ಮೂಲ ತತ್ವ ಇದೇ.

ಇದರಿಂದ ರೈತನಿಗೇನು ಎಂದು ಕೇಳಬಹುದು. ಈ ಯಂತ್ರಕ್ಕೆ ನೀರೇ ದಾರಿ. ಬೆಳಗಿನ ಹೊತ್ತು ಭತ್ತದ ಎಲೆಯ ತುದಿ ಮತ್ತು ಅಂಚಿನಲ್ಲಿ ಹನಿ ನಿಂತಿರುವುದನ್ನು ನೋಡಿದ್ದೀರಿ. ಅದೆಲ್ಲ ಇಬ್ಬನಿಯಲ್ಲ; ಎಲೆಯ ಸಣ್ಣ ನೀರ್ಗಂಡಿಗಳಿಂದ ಗಿಡವೇ ಹೊರಹಾಕಿದ ನೀರೂ ಇರುತ್ತದೆ. ಅಂಗಮಾರಿಯ ದುಂಡಾಣು ಒಳಹೋಗುವುದು ಈ ಕಂಡಿಗಳಿಂದ ಮತ್ತು ಗಾಯಗಳಿಂದ. ಆದರೆ ಸೆಕೆಂಡಿಗೆ ಒಂದು ಮಿಲಿಮೀಟರಿನ 40ನೇ ಒಂದು ಪಾಲಿನಷ್ಟು ಈಜುವ ಇಂಥ ಜೀವಿ ಎಡೆಬಿಡದೆ ನೇರ ಸಾಗಿದರೂ ಗಂಟೆಗೆ ಅರ್ಧ ಗೇಣು ದಾಟದು. ಒಂದು ಗದ್ದೆಯಿಂದ ಇನ್ನೊಂದಕ್ಕೆ ಅದನ್ನು ಹೊತ್ತೊಯ್ಯುವುದು ಹರಿಯುವ ನೀರು ಮತ್ತು ಗಾಳಿಮಳೆ. ಮೋಟಾರನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ, ದಾರಿ ತಪ್ಪಿಸುವುದು ನಮ್ಮ ಕೈಯಲ್ಲಿದೆ.

ಅನುಮಾನವಿದ್ದರೆ ರೋಗದ ಎಲೆಯನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ನಿಲ್ಲಿಸಿ. ಕತ್ತರಿಸಿದ ಕಡೆಯಿಂದ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣುಗಳ ಗುಂಪು. ಆಗ ಈ ಕ್ರಮಗಳನ್ನು ಅನುಸರಿಸಿ:

1. ಯೂರಿಯಾ ಮೇಲುಗೊಬ್ಬರ ತಡೆಹಿಡಿಯಿರಿ. ಮುಂದಿನ ಬೆಳೆಗೆ ಸಾರಜನಕವನ್ನು ಕಂತುಗಳಲ್ಲಿ, ಶಿಫಾರಸಿನಷ್ಟೇ ಕೊಡಿ.

2. ಗದ್ದೆಯ ನೀರು ಬಸಿಯಿರಿ. ಆದರೆ ಅದನ್ನು ಪಕ್ಕದವರ ಗದ್ದೆಗೆ ಬಿಡಬೇಡಿ, ಬಸಿಗಾಲುವೆಗೆ ಹರಿಸಿ.

3. ನಾಟಿಯ ವೇಳೆ ಸಸಿಯ ತುದಿ ಚಿವುಟಬೇಡಿ. ಪ್ರತಿ ಗಾಯವೂ ತೆರೆದ ಬಾಗಿಲು.

4. ರೋಗದ ಬೆಳೆಯಿಂದ ಬಿತ್ತನೆ ಬೀಜ ಇಟ್ಟುಕೊಳ್ಳಬೇಡಿ. ಬದುವಿನ ಕಳೆ ತೆಗೆಯಿರಿ.

5. ಬೆಂಕಿರೋಗಕ್ಕೆ ಹೊಡೆಯುವ ಶಿಲೀಂಧ್ರನಾಶಕಕ್ಕೆ ಇದು ಬಗ್ಗದು; ಹಣ ಕಳೆದುಕೊಳ್ಳಬೇಡಿ.

ರೋಗನಿರೋಧಕ ತಳಿಗಳೂ ಬಂದಿವೆ. ಹೈದರಾಬಾದಿನ ವಿಜ್ಞಾನಿಗಳು ಮೂರು ನಿರೋಧಕ ಜೀನುಗಳನ್ನು ಕೂಡಿಸಿ ರೂಪಿಸಿದ ಸುಧಾರಿತ ಸಾಂಬಾ ಮಸೂರಿ 2008ರಲ್ಲಿ ಬಿಡುಗಡೆಯಾಯಿತು. ನಿಮ್ಮ ನೆಲಕ್ಕೆ ಯಾವ ತಳಿ ಹೊಂದುತ್ತದೆ ಎಂಬುದನ್ನು ಶಿವಮೊಗ್ಗದ ನವಿಲೆ ಕೃಷಿ ಕಾಲೇಜಿನಲ್ಲಿ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಈಜುವ ದುಂಡಾಣುಗಳೆಲ್ಲ ಶತ್ರುಗಳಲ್ಲ. ಅಜೋಸ್ಪಿರಿಲಂ ಎಂಬ ಜೈವಿಕ ಗೊಬ್ಬರದ ದುಂಡಾಣು ಇಂಥದೇ ಚಾಟಿ ತಿರುಗಿಸಿ, ಬೇರು ಒಸರುವ ಆಮ್ಲಗಳ ಜಾಡು ಹಿಡಿದು ಬೇರಿಗೆ ಬಂದು, ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ಇದನ್ನು ಕಲಸಿದ ನೀರಿನಲ್ಲಿ ಸಸಿಯ ಬೇರನ್ನು 20-30 ನಿಮಿಷ ಅದ್ದಿ ನಾಟಿ ಮಾಡಿ. ಪೊಟ್ಟಣವನ್ನು ಬಿಸಿಲಿನಲ್ಲಿ ಇಡಬೇಡಿ; ರಸಗೊಬ್ಬರ, ಔಷಧಿಗಳೊಡನೆ ಬೆರೆಸಬೇಡಿ. ಜೀವವಿದ್ದರೆ ತಾನೇ ಅದು ಈಜುವುದು!

ಬದುವಿನ ಬಾಯಿ ಯಾವಾಗ ತೆರೆಯಬೇಕು, ಯಾವಾಗ ಕಟ್ಟಬೇಕು ಎಂದು ಬಲ್ಲ ರೈತನಿಗೆ ಅರ್ಧ ರೋಗ ಗೆದ್ದಂತೆಯೇ.