ಕಲಿಯುತ್ತಲೇ ಗಳಿಸುವ ದಾರಿಗಳು



ಸುಗಮ ಸಂಗೀತ ಕಲಿಯುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಒಮ್ಮೆ ನಮ್ಮ ಸ್ಟುಡಿಯೋಕ್ಕೆ ಧ್ವನಿಮುದ್ರಣಕ್ಕೆ ಬಂದಿದ್ದಳು. ತಾರಸ್ಥಾಯಿಗೆ ಹೋದ ಕೂಡಲೇ ದನಿ ಒಡೆಯಿತು. ವಿಚಾರಿಸಿದರೆ, ಹಿಂದಿನ ಮೂರು ರಾತ್ರಿ ಸತತವಾಗಿ ಆರ್ಕೆಸ್ಟ್ರಾದಲ್ಲಿ ಹಾಡಿದ್ದಳು. "ಹಾಸ್ಟೆಲ್ ಶುಲ್ಕ ಕಟ್ಟಬೇಕಿತ್ತು ಮೇಡಂ" ಎಂದಳು. ಅವಳು ಮಾಡಿದ್ದು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಮಾತನಾಡುವಾಗಲೇ ಹೆಣ್ಣುದನಿಯ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಕಂಪಿಸುತ್ತವೆ. ಮೂರು ರಾತ್ರಿ ಬಿಡುವಿಲ್ಲದೆ ಹಾಡಿದರೆ ಅವು ಊದಿಕೊಳ್ಳದೆ ಇರುವುದು ಹೇಗೆ? ಧ್ವನಿಮುದ್ರಣವನ್ನು ಮುಂದಕ್ಕೆ ಹಾಕಿದೆವು.

ಸಂಗೀತ, ನೃತ್ಯ, ನಾಟಕ ಕಲಿಯುವವರ ಖರ್ಚು ಕಾಲೇಜಿನ ಶುಲ್ಕಕ್ಕೆ ಮುಗಿಯುವುದಿಲ್ಲ. ಗುರುದಕ್ಷಿಣೆ ಇದೆ. ವೀಣೆಗೆ ತಂತಿ, ಮೃದಂಗಕ್ಕೆ ಮುಚ್ಚಿಗೆ, ನೃತ್ಯಕ್ಕೆ ಗೆಜ್ಜೆ ಮತ್ತು ಉಡುಪು ಬೇಕು. ಹಾಗಾದರೆ ಕಲಿಕೆಗೆ ಧಕ್ಕೆಯಾಗದಂತೆ ನಾಲ್ಕು ಕಾಸು ಸಂಪಾದಿಸುವುದು ಹೇಗೆ? ಮಾತುಕತೆಯಲ್ಲಿ ಸಮಯ ಸಾಲದೆ ಉಳಿದ ವಿವರಗಳನ್ನು ಇಲ್ಲಿ ಕೊಟ್ಟಿದ್ದೇನೆ.

ಶಿಷ್ಯವೇತನ

ಮೊದಲು ಪ್ರಯತ್ನಿಸಬೇಕಾದದ್ದು ಇದನ್ನೇ. ಇದರಲ್ಲಿ ಅಭ್ಯಾಸದ ಹೊತ್ತನ್ನು ಮಾರಬೇಕಾಗಿಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ಯೋಜನೆಯಲ್ಲಿ 18ರಿಂದ 25 ವರ್ಷದವರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಶಿಷ್ಯವೇತನ ಸಿಗುತ್ತದೆ. ಗುರುವಿನ ಬಳಿ ಕನಿಷ್ಠ ಐದು ವರ್ಷ ಕಲಿತಿರಬೇಕು. ಶಾಸ್ತ್ರೀಯ ಸಂಗೀತ, ನೃತ್ಯ ಮಾತ್ರವಲ್ಲ, ರಂಗಭೂಮಿ ಮತ್ತು ಜಾನಪದ ಕಲೆಗಳಿಗೂ ಇದರಲ್ಲಿ ಅವಕಾಶವಿದೆ. 10ರಿಂದ 14 ವರ್ಷದ ಶಾಲಾ ಮಕ್ಕಳಿಗೆ 1982ರಿಂದ ಪ್ರತ್ಯೇಕ ಪ್ರತಿಭಾನ್ವೇಷಣೆ ಯೋಜನೆ ಇದೆ. ನಮ್ಮ ರಾಜ್ಯದ ಸಂಗೀತ ನೃತ್ಯ ಅಕಾಡೆಮಿಯೂ ವಿದ್ಯಾರ್ಥಿಗಳಿಗೆ ಶಿಷ್ಯವೇತನ ನೀಡುತ್ತ ಬಂದಿದೆ. ಮೊತ್ತವನ್ನೂ ಕೊನೆಯ ದಿನವನ್ನೂ ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಂಡು ಅರ್ಜಿ ಹಾಕಿ. ಗುರುಗಳ ಪತ್ರ, ವಯಸ್ಸಿನ ದಾಖಲೆ ಮತ್ತು ಅಂಕಪಟ್ಟಿಗಳನ್ನು ಒಂದು ಕಡತದಲ್ಲಿ ಸದಾ ಸಿದ್ಧವಾಗಿಡಿ.

ಆಕಾಶವಾಣಿ

ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಶ್ರೇಣಿ ಸಿಗುತ್ತದೆ. ಹೊಸಬರು ಸಾಮಾನ್ಯವಾಗಿ 'ಬಿ' ಶ್ರೇಣಿಯಿಂದ ಆರಂಭಿಸಿ 'ಬಿ ಹೈ', 'ಎ', 'ಟಾಪ್' ಎಂದು ಮೇಲೇರುತ್ತಾರೆ. ಸಂಭಾವನೆಯೂ ಶ್ರೇಣಿಗೆ ತಕ್ಕಂತೆ. ಕಾರ್ಯಕ್ರಮಗಳು ಪದೇ ಪದೇ ಸಿಗಲಾರವು. ಆದರೆ ಶ್ರೇಣಿ ಪಡೆದ ಕಲಾವಿದರು ಎಂಬ ಮಾತಿಗೆ ಹೊರಗಿನ ಸಂಘಟಕರಲ್ಲಿ ಬೆಲೆಯಿದೆ.

ಪಕ್ಕವಾದ್ಯ ಮತ್ತು ಪಾಠ

ಭರತನಾಟ್ಯದ ತರಗತಿಗಳಿಗೆ ಮೃದಂಗ ನುಡಿಸುವವರು, ಹಾಡುವವರು, ನಟುವಾಂಗ ಬಲ್ಲವರು ಯಾವಾಗಲೂ ಬೇಕು. ರಾಮನವಮಿ, ಗಣೇಶೋತ್ಸವ, ನವರಾತ್ರಿಗಳಲ್ಲಿ ಊರೂರಲ್ಲಿ ಕಛೇರಿಗಳಿರುತ್ತವೆ. ಸೀನಿಯರ್ ಪರೀಕ್ಷೆ ಮುಗಿಸಿದವರು ಗುರುಗಳ ಅಪ್ಪಣೆ ಪಡೆದು ನೆರೆಮನೆಯ ಮಕ್ಕಳಿಗೆ ಸರಳೆ, ಜಂಟಿವರಸೆ ಹೇಳಿಕೊಡಬಹುದು. ಹೇಳಿಕೊಡುವಾಗ ನಿಮ್ಮ ಬುನಾದಿಯೂ ಗಟ್ಟಿಯಾಗುತ್ತದೆ.

ನಾಟಕದ ವಿದ್ಯಾರ್ಥಿಗಳಿಗೆ ಏಪ್ರಿಲ್, ಮೇ ತಿಂಗಳ ಮಕ್ಕಳ ಶಿಬಿರಗಳಿವೆ. ಬೆಳಕು, ಪ್ರಸಾಧನ, ಧ್ವನಿವರ್ಧಕಗಳ ಕೆಲಸ ಬಲ್ಲವರಿಗೆ ತೆರೆಯ ಹಿಂದೆಯೂ ದುಡಿಮೆಯುಂಟು. ಯಕ್ಷಗಾನ ಮೇಳಗಳ ತಿರುಗಾಟ ನವೆಂಬರಿನಿಂದ ಮೇವರೆಗೆ. ಪರೀಕ್ಷೆಗಳೂ ಇದೇ ಅವಧಿಯಲ್ಲಿ ಬರುತ್ತವೆ. ಆದ್ದರಿಂದ ಓದುವವರು ಬೆಳಗಿನವರೆಗಿನ ಆಟಕ್ಕಿಂತ ಕಾಲಮಿತಿಯ ಆಟವನ್ನು ಒಪ್ಪಿಕೊಳ್ಳುವುದು ಒಳ್ಳೆಯದು.

ಒಂದು ಸಣ್ಣ ಲೆಕ್ಕ

ನಾನು ಬಿ.ಎಸ್ಸಿ. ಓದಿದವಳು, ಲೆಕ್ಕ ಹಾಕದೆ ಸಮಾಧಾನವಿಲ್ಲ. ಪಕ್ಕದ ಊರಿನ ಕಾರ್ಯಕ್ರಮಕ್ಕೆ 2,000 ರೂಪಾಯಿ ಕೊಡುತ್ತಾರೆ ಎಂದುಕೊಳ್ಳಿ. ಬಸ್ಸಿಗೆ 500, ಉಡುಪಿನ ಬಾಡಿಗೆ 400, ಊಟಕ್ಕೆ 100 ಹೋದರೆ ಉಳಿಯುವುದು 1,000. ಇನ್ನು ಸಮಯ: ತಾಲೀಮು 6 ಗಂಟೆ, ಪ್ರಯಾಣ 6, ಕಾಯುವುದೂ ಸೇರಿ ಕಾರ್ಯಕ್ರಮ 6, ಮರುದಿನ ತಪ್ಪಿದ ಅಭ್ಯಾಸ 2. ಒಟ್ಟು 20 ಗಂಟೆ. ಗಂಟೆಗೆ ಸಿಕ್ಕಿದ್ದು 50 ರೂಪಾಯಿ! ಇಬ್ಬರು ಮಕ್ಕಳಿಗೆ ಒಟ್ಟಿಗೆ ತಿಂಗಳಿಗೆ 8 ಗಂಟೆ ಪಾಠ ಹೇಳಿ 1,600 ಪಡೆದರೆ ಗಂಟೆಗೆ 200. ಈ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ದರ ಹಾಕಿಕೊಂಡು ನೀವೇ ನೋಡಿ.

ಹಾಗೆಂದು ಹಣವೊಂದೇ ಅಳತೆಯಲ್ಲ. ಹಿರಿಯ ವಿದ್ವಾಂಸರ ಕಛೇರಿಯಲ್ಲಿ ತಂಬೂರಿ ಮೀಟಿ 500 ರೂಪಾಯಿ ಪಡೆದರೂ, ಆ ಮೂರು ಗಂಟೆಯಲ್ಲಿ ಕೇಳಿದ್ದು ವರ್ಷಗಟ್ಟಲೆ ನೆನಪಿನಲ್ಲಿ ಉಳಿಯುತ್ತದೆ. ಆದ್ದರಿಂದ ಪ್ರತಿ ಕೆಲಸಕ್ಕೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಕೈಗೆ ಎಷ್ಟು ಉಳಿಯುತ್ತದೆ? ವಿದ್ಯೆಗೆ ಏನು ಸೇರುತ್ತದೆ? ಎರಡಕ್ಕೂ ಉತ್ತರ ಇಲ್ಲದ ಕೆಲಸವನ್ನು ಬಿಡಿ.

ಎಚ್ಚರಿಕೆಯ ಮಾತು

ದಿನ, ಸ್ಥಳ, ಅವಧಿ, ಸಂಭಾವನೆ, ಪ್ರಯಾಣದ ಖರ್ಚುಗಳನ್ನು ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಸಂಭಾವನೆ ಕೇಳಲು ಸಂಕೋಚ ಬೇಡ. ನಿಮ್ಮ ಹೆಸರಿನಲ್ಲೇ ಬ್ಯಾಂಕ್ ಖಾತೆ, ಪ್ಯಾನ್ ಕಾರ್ಡ್ ಇರಲಿ. ತೆರಿಗೆ ಮುರಿದುಕೊಂಡಿದ್ದರೆ, ವರಮಾನ ಮಿತಿಗಿಂತ ಕಡಿಮೆಯಿರುವವರು ವಿವರ ಸಲ್ಲಿಸಿ ಹಿಂದಕ್ಕೆ ಪಡೆಯಬಹುದು. "ವೇದಿಕೆ ಕೊಡುತ್ತೇವೆ, ಪ್ರಶಸ್ತಿ ಕೊಡುತ್ತೇವೆ, ಇಷ್ಟು ಹಣ ಕಟ್ಟಿ" ಎನ್ನುವವರಿಂದ ದೂರವಿರಿ. ನಿಮ್ಮ ಬೆವರಿಗೆ ನೀವೇ ಬೆಲೆ ತೆರುವುದು ಎಲ್ಲಿಯ ನ್ಯಾಯ?

ಆ ಹುಡುಗಿ ಹದಿನೈದು ದಿನ ಬಿಟ್ಟು ಬಂದು ಚೆನ್ನಾಗಿ ಹಾಡಿ ಹೋದಳು. ಅಷ್ಟರಲ್ಲಿ ಮನೆಪಾಠಕ್ಕೆ ಇಬ್ಬರು ಮಕ್ಕಳನ್ನು ಹಿಡಿದಿದ್ದಳು. ಶಿಷ್ಯವೇತನದ ಅರ್ಜಿ ಅವಳ ಚೀಲದಲ್ಲೇ ಇತ್ತು. ನಿಮ್ಮ ಅರ್ಜಿಯೂ ಈ ವರ್ಷ ಹೊರಡಲಿ.