ಹಳೇ ಮೈಕೇನಿಯಾ ಬಳ್ಳಿ: ಮೇಲಿಂದ ಎಳೀಬೇಡಿ, ಬುಡ ಹುಡುಕಿ

ವರ್ಷಗಟ್ಟಲೆ ಕೈಬಿಟ್ಟಿದ್ದ ಅಡಿಕೆ ತೋಟವನ್ನೋ, ಕಾಫಿ ತೋಟದ ಅಂಚನ್ನೋ ಮತ್ತೆ ಹಸನು ಮಾಡೋಕೆ ಹೊರಟವರು ನನಗೆ ಕಳಿಸುವ ಫೋಟೋ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ. ಗಿಡ-ಮರ ಕಾಣಲ್ಲ, ಹಸಿರು ಕಂಬಳಿ ಹೊದಿಸಿದ ಹಾಗೆ ಬಳ್ಳಿ. ಪ್ರಶ್ನೆಯೂ ಒಂದೇ: "ಸರ್, ಇದಕ್ಕೆ ಏನು ಹೊಡೀಬೇಕು?"

ಉತ್ತರ ಮೊದಲೇ ಹೇಳಿಬಿಡ್ತೀನಿ. ಹಳೇ ಬಳ್ಳಿಯನ್ನು ಸೋಲಿಸೋದು ಬುಡ ಮತ್ತು ತಿಂಗಳು, ಈ ಎರಡರ ಲೆಕ್ಕದಿಂದ. ಸರಿಯಾದ ಜಾಗದಲ್ಲಿ, ಸರಿಯಾದ ತಿಂಗಳಲ್ಲಿ ಕಡಿದ್ರೆ 3 ವರ್ಷದಲ್ಲಿ ತೋಟ ನಿಮ್ಮ ಕೈಗೆ ಬರುತ್ತೆ.

ಯಾವ ಬಳ್ಳಿ ಇದು?

ದಕ್ಷಿಣ ಕನ್ನಡ, ಕೊಡಗಿನ ತೋಟಗಳಲ್ಲಿ ಕಾಟ ಕೊಡುವ ಈ ಬಳ್ಳಿಯ ಹೆಸರು ಮೈಕೇನಿಯಾ ಮೈಕ್ರಾಂತ. ಮೂಲ ಮಧ್ಯ ಮತ್ತು ದಕ್ಷಿಣ ಅಮೆರಿಕ. ನಮ್ಮ ದೇಶಕ್ಕೆ ಬಂದಿದ್ದು 1940ರ ದಶಕದಲ್ಲಿ, ಈಶಾನ್ಯದ ಕಡೆಯಿಂದ. ಕೇರಳದಲ್ಲಿ ಇದಕ್ಕೆ 'ಧೃತರಾಷ್ಟ್ರ ಪಚ್ಚ' ಅಂತಾರೆ. ಧೃತರಾಷ್ಟ್ರನ ಆಲಿಂಗನದ ಕಥೆ ಗೊತ್ತಲ್ವಾ? ಇದೂ ಹಾಗೇ, ತಬ್ಬಿಕೊಂಡೇ ಮುಗಿಸುತ್ತೆ. ಮರದ ಮೇಲೆ ಹರಡಿ ಬಿಸಿಲು ತಪ್ಪಿಸುತ್ತೆ, ಭಾರಕ್ಕೆ ರೆಂಬೆ ಬಗ್ಗಿಸುತ್ತೆ.

ಗುರುತು ಹೀಗೆ: ಹೃದಯದ ಆಕಾರದ ಎಲೆ, ಅಂಚು ಸ್ವಲ್ಪ ಹಲ್ಲುಹಲ್ಲು. ಒಂದೊಂದು ಗೆಣ್ಣಿನಲ್ಲಿ ಎದುರುಬದುರು ಎರಡು ಎಲೆ. ಕಾಳುಮೆಣಸಿನ ಬಳ್ಳಿಯಲ್ಲಿ ಗೆಣ್ಣಿಗೆ ಒಂದೇ ಎಲೆ. ಕೂಲಿಗೆ ಹೊಸಬರು ಬಂದಾಗ ಇದನ್ನ ತೋರಿಸಿಯೇ ಕತ್ತಿ ಕೊಡಿ. ಇಲ್ಲಾಂದ್ರೆ ಮೈಕೇನಿಯಾ ಜೊತೆ ನಿಮ್ಮ ಮೆಣಸೂ ಹೋಗುತ್ತೆ.

ಕಡಿದ್ರೂ ಯಾಕೆ ಸಾಯಲ್ಲ?

ಎರಡು ಕಾರಣ. ಒಂದು, ನೆಲದ ಮೇಲೆ ಹರಿಯುವಾಗ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತೆ. ನಾವು ಒಂದು ಬಳ್ಳಿ ಅಂದ್ಕೊಂಡಿದ್ದು ನಿಜಕ್ಕೂ ಹತ್ತಿಪ್ಪತ್ತು ಗಿಡ. ತೇವ ಇದ್ರೆ ಒಂದು ಗೆಣ್ಣಿನ ತುಂಡೂ ಚಿಗುರುತ್ತೆ. ಮಳೆಗಾಲದಲ್ಲಿ ವೀಡ್ ಕಟರ್ ಹೊಡೆದ ಜಾಗದಲ್ಲಿ ಬಳ್ಳಿ ಇನ್ನೂ ದಟ್ಟವಾಗಿ ಬರೋದು ಇದಕ್ಕೇ. ಯಂತ್ರ ಅದನ್ನ ತುಂಡು ಮಾಡಿ ನಾಟಿ ಮಾಡಿಕೊಡುತ್ತೆ!

ಎರಡನೆಯದು ಬೀಜ. ಸಣ್ಣ ಬೀಜ, ತುದಿಯಲ್ಲಿ ಬಿಳಿ ಕೂದಲು, ಗಾಳಿಗೆ ಹಾರುತ್ತೆ. ಒಂದು ಸಲ ಬೀಜ ಉದುರಿದ್ರೆ ಮುಂದಿನ ಮಳೆಗೆ ಮತ್ತೆ ಸಸಿಗಳ ಹಾಸು.

ಜೈವಿಕ ದಾರಿಯನ್ನೂ ನೋಡಿದ್ದಾಯ್ತು. ಇದರ ತವರಿನ ಒಂದು ತುಕ್ಕುರೋಗದ ಶಿಲೀಂಧ್ರವನ್ನು 2005-06ರಲ್ಲಿ ಅಸ್ಸಾಂ ಮತ್ತು ಕೇರಳದಲ್ಲಿ ಬಿಟ್ಟಿದ್ದರು. ಇಲ್ಲಿ ಅದು ನೆಲೆಯೂರಲಿಲ್ಲ. ಹಾಗಾಗಿ ಸದ್ಯಕ್ಕೆ ಕೈಕೆಲಸವೇ ಗತಿ.

ಕಡಿಯುವ ಕ್ರಮ

1. ಮರ ಹತ್ತಿದ ಬಳ್ಳಿಯನ್ನು ಎಳೀಬೇಡಿ. ಎಳೆದ್ರೆ ಮೆಣಸಿನ ಬಳ್ಳಿ ಕಳಚಿ ಬರುತ್ತೆ, ಕಾಫಿ ರೆಕ್ಕೆ ಮುರಿಯುತ್ತೆ. ಮೊಣಕಾಲೆತ್ತರದಲ್ಲಿ ಒಂದು ಸಲ, ಎದೆಯೆತ್ತರದಲ್ಲಿ ಇನ್ನೊಂದು ಸಲ ಕಡಿದು ನಡುವಿನ ತುಂಡು ತೆಗೀರಿ. ಮೇಲಿನದು ತಾನಾಗಿ ಒಣಗಿ ಉದುರುತ್ತೆ.
2. ಕೆಳಗಿನ ಮೋಟನ್ನು ಹಿಡಿದು ಬುಡ ಹುಡುಕಿ. ಗುದ್ದಲಿಯಿಂದ ಬೇರು ಸಮೇತ ಎತ್ತಿ.
3. ನೆಲದ ಮೇಲಿನ ಬಳ್ಳಿಯನ್ನು ತುಂಡು ಮಾಡದೆ ಚಾಪೆ ಸುತ್ತಿದ ಹಾಗೆ ಸುತ್ಕೊಂಡು ಹೋಗಿ. ಬೇರು ಬಿಟ್ಟ ಗೆಣ್ಣು ಸಿಕ್ಕಲ್ಲೆಲ್ಲ ಕೀಳಿ.
4. ದಿನಕ್ಕೆ ಇಡೀ ತೋಟ ಸುತ್ತಬೇಡಿ. ನಾಲ್ಕು ಸಾಲು ಪೂರ್ತಿ ಮುಗಿಸಿ ಮುಂದಿನ ಸಾಲಿಗೆ ಹೋಗಿ.

ಯಾವಾಗ?

- ಏಪ್ರಿಲ್–ಮೇ: ಮೊದಲ ಬೇಸಿಗೆ ಮಳೆ ಆದ ವಾರ, ಹತ್ತು ದಿನಕ್ಕೆ. ಹೊಸ ಚಿಗುರು ಬುಡ ಎಲ್ಲಿದೆ ಅಂತ ತೋರಿಸುತ್ತೆ, ಮಣ್ಣೂ ಸಡಿಲ. ವರ್ಷದ ದೊಡ್ಡ ಕೆಲಸ ಇದೇ.
- ಜುಲೈ: ಮಳೆ ಬಿಡುವಿನಲ್ಲಿ ಸಸಿ ಮತ್ತು ಮರುಚಿಗುರು ಕೈಯಲ್ಲೇ ಕೀಳಿ.
- ಆಗಸ್ಟ್ ಕೊನೆ–ಸೆಪ್ಟೆಂಬರ್: ಹೂವಿಗೆ ಮುಂಚೆ. ಉಳಿದ ಯಾವ ಕೆಲಸ ತಪ್ಪಿದ್ರೂ ಇದು ತಪ್ಪಬಾರದು.
- ಡಿಸೆಂಬರ್: ಬೇಲಿ, ತೋಡಿನ ದಂಡೆ ಒಂದು ಸುತ್ತು. ಬಿಳಿ ಹೂಗೊಂಚಲು ಕಂಡ್ರೆ ಚೀಲಕ್ಕೆ ಹಾಕಿ.

ನಾನು ಬುಡ ಸಿಕ್ಕ ಜಾಗದ್ದೆಲ್ಲ ಫೋನಿನಲ್ಲಿ ಲೊಕೇಶನ್ ಆನ್ ಮಾಡಿ ಫೋಟೋ ತೆಗೆದಿಡ್ತೀನಿ. ಮುಂದಿನ ಸುತ್ತಿಗೆ ಅದೇ ನಕ್ಷೆ. ನಮ್ಮಲ್ಲಿ ಮೊದಲ ವರ್ಷ ಆಳು ಇಟ್ಟು ವಾರಗಟ್ಟಲೆ ಮಾಡಿದ ಕೆಲಸ, ಮೂರನೇ ವರ್ಷ ನಾನೊಬ್ಬನೇ ಬೆಳಗಿನ ಹೊತ್ತು ಮುಗಿಸುವಷ್ಟಕ್ಕೆ ಇಳಿಯಿತು.

ಕಿತ್ತಿದ್ದನ್ನ ಏನು ಮಾಡೋದು?

ಹಸಿ ಬಳ್ಳಿಯನ್ನು ಗೊಬ್ಬರಗುಂಡಿಗೆ, ತೋಡಿಗೆ ಎಸೆಯಬೇಡಿ. ನೀರು ಅದನ್ನ ಕೆಳಗಿನ ತೋಟಕ್ಕೆ ಮುಟ್ಟಿಸುತ್ತೆ. ಬಿಸಿಲಿದ್ರೆ ಬಂಡೆ ಮೇಲೋ, ಅಂಗಳದಲ್ಲೋ ಗರಿಗರಿ ಆಗುವವರೆಗೆ ಒಣಗಿಸಿ, ಆಮೇಲೆ ಮುಚ್ಚಿಗೆಗೆ ಬಳಸಬಹುದು. ಮಳೆಗಾಲದಲ್ಲಿ ಡ್ರಮ್ಮಿನ ನೀರಲ್ಲಿ ಮುಳುಗಿಸಿ ಪೂರ್ತಿ ಕೊಳೆಯಲು ಬಿಡಿ. ಹೂ ಬಂದದ್ದನ್ನು ಮಾತ್ರ ಬೇರೆ ಇಟ್ಟು ಒಣಗಿಸಿ ಸುಡಿ.

ಖಾಲಿ ಬಿಟ್ಟ ನೆಲ ಮತ್ತೆ ಅದರದ್ದೇ

ಮೈಕೇನಿಯಾಗೆ ಬಿಸಿಲು ಬೇಕು, ದಟ್ಟ ನೆರಳು ಒಗ್ಗಲ್ಲ. ಅದಕ್ಕೇ ತೋಟದ ಅಂಚು, ಮರ ಬಿದ್ದ ಜಾಗ, ತೋಡಿನ ದಂಡೆಯಲ್ಲೇ ಜಾಸ್ತಿ. ತೆರವು ಮಾಡಿದ ವಾರವೇ ಅಡಿಕೆ ಸೋಗೆ, ತರಗೆಲೆಯ ದಪ್ಪ ಮುಚ್ಚಿಗೆ ಹಾಕಿ. ಜಾಗ ಇದ್ದಲ್ಲಿ ಬಾಳೆ ನೆಡಿ, ಮಳೆ ಶುರುವಲ್ಲಿ ಅಪ್ಸೆಣಬು ಬಿತ್ತಿ. ರಬ್ಬರ್ ತೋಟದಲ್ಲಿ ಹಾಕುವ ಮ್ಯೂಕುನಾ ಬಳ್ಳಿಯನ್ನು ಅಡಿಕೆ, ಕಾಫಿಗೆ ತರಬೇಡಿ. ಅದೂ ಮರ ಹತ್ತುವ ಜಾತಿಯೇ.

ಕಳೆನಾಶಕ ಹೊಡೆದ್ರೆ?

ಸಾವಯವ ಪ್ರಮಾಣಪತ್ರದ ಹಾದಿಯಲ್ಲಿರುವವರು ಇದನ್ನ ಗಮನಿಸಿ. ಅಡಿಕೆ, ಕಾಫಿ, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನೆ ಅವಧಿ 3 ವರ್ಷ. ಎರಡು ವರ್ಷ ಕಷ್ಟಪಟ್ಟು, ಬೇಲಿ ಬದಿಗೆ ಅಂತ ಒಂದು ಸಲ ಹೊಡೆದ್ರೂ ಆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗಬಹುದು. ಪ್ರಮಾಣಪತ್ರ ಬೇಡ ಅನ್ನೋರಿಗೂ ಒಂದು ಮಾತು: ಬಳ್ಳಿ ಮೆಣಸನ್ನು ತಬ್ಬಿರುವಾಗ ಔಷಧಿ ಎರಡರ ಮೇಲೂ ಬೀಳುತ್ತೆ. ಬೀಜದಿಂದ ಬರುವ ಮುಂದಿನ ಸಸಿಗಳಿಗೆ ಅದರಿಂದ ತಡೆಯೂ ಇಲ್ಲ.

ಕೊನೆಗೆ, ಪಕ್ಕದ ತೋಟದವರ ಜೊತೆ ಮಾತಾಡಿ. ಬೀಜಕ್ಕೆ ಬೇಲಿ ಗೊತ್ತಿಲ್ಲ. ಅವರಿಗೆ ಪುರುಸೊತ್ತಿಲ್ಲ ಅಂದ್ರೆ, ಬೇಲಿಯಾಚೆ ನಾಲ್ಕು ಮಾರು ನಾನೇ ಕಡೀತೀನಿ ಅಂತ ಕೇಳಿ. ಯಾರೂ ಬೇಡ ಅನ್ನಲ್ಲ. ಈ ವಾರ ಅಷ್ಟು ಮಾಡಿ: ಬೇಲಿ ಉದ್ದಕ್ಕೆ ಒಂದು ಸುತ್ತು ಹೋಗಿ, ಬುಡಗಳ ಫೋಟೋ ತೆಗೀರಿ, ಕ್ಯಾಲೆಂಡರಿನಲ್ಲಿ ಆಗಸ್ಟ್ ಕೊನೆಗೊಂದು ರಿಮೈಂಡರ್ ಹಾಕಿ.